ನಮ್ಮ ಪೇಟೆಯ ಚಿತ್ರ, ಪರರ ಉಗ್ರಾಣ

ವಿರಾಜಪೇಟೆಯಿಂದ ಕಣ್ಣೂರಿನ ಕಡೆಗಿಳಿಯುವ ರಸ್ತೆಯಲ್ಲಿ ಪೆರುಂಬಾಡಿಯನ್ನು ದಾಟಿ, ಬ್ರಹ್ಮಗಿರಿಯ ಕಾಡಿನ ನೆರಳಿನಲ್ಲಿ ತಿರುವುಗಳನ್ನು ಸುತ್ತುತ್ತ ಹೋದರೆ, ಕೂಟುಪುಳೆಯ ಸೇತುವೆಗೆ ಮುಂಚೆ ಮಾಕುಟ್ಟ ಸಿಕ್ಕುತ್ತದೆ. ಅದು ನಮ್ಮ ಸೀಮೆಯ ಕಡೆಯ ಕಟ್ಟೆ. ಲಾರಿಯವನು ಅಲ್ಲಿ ನಿಲ್ಲಬೇಕು. ಮರಮುಟ್ಟು ಹೇರಿದ್ದರೆ ಅರಣ್ಯದವರ ರಹದಾರಿಯನ್ನು ತೋರಿಸಬೇಕು. ಅನುಮಾನ ಬಂದರೆ ಟಾರ್ಪಾಲನ್ನು ಬಿಚ್ಚಿಸಿ ನೋಡುವರು. ನಮ್ಮ ನಾಡಿನ ಒಂದು ತುಂಡು ಮರವೂ ಲೆಕ್ಕಕ್ಕೆ ಸಿಕ್ಕದೆ ಹೊರಗೆ ಹೋಗಬಾರದೆಂಬುದು ಈ ಏರ್ಪಾಟಿನ ಉದ್ದೇಶ, ಅದು ನ್ಯಾಯವಾದದ್ದೇ. ಆದರೆ ಅದೇ ರಸ್ತೆಯಲ್ಲಿ ಮಂಜು ಇಳಿಯುವ ಹೊತ್ತಿಗೆ ಕಾರು ನಿಲ್ಲಿಸಿ ಕೈಫೋನನ್ನು ಎತ್ತಿ ಹಿಡಿದ ತರುಣನು ತೆಗೆದ ಚಿತ್ರವು, ಸಂಪರ್ಕ ಸಿಕ್ಕಿದ ಮರುಕ್ಷಣದಲ್ಲಿಯೇ ಸಮುದ್ರದಾಚೆಯ ಕಂಪೆನಿಯೊಂದರ ಉಗ್ರಾಣಕ್ಕೆ ಸೇರಿಹೋಗುತ್ತದೆ. ಅದಕ್ಕೆ ರಹದಾರಿಯಿಲ್ಲ, ಲೆಕ್ಕವಿಲ್ಲ, ಕೇಳುವವರೂ ಇಲ್ಲ.

ಚಿತ್ರವೇನು ಬೀಟೆಯ ಮರವೆ, ಹೋದರೆ ಏನು ನಷ್ಟ, ಮೂಲವು ಫೋನಿನಲ್ಲಿಯೇ ಉಳಿಯಿತಲ್ಲ, ಎಂದು ಕೇಳುವವರುಂಟು. ನಾವೂ ಕೆಲವು ವರ್ಷಗಳ ಹಿಂದೆ ಹಾಗೆಯೇ ಎಣಿಸಿದ್ದೆವು. ಈಚೆಗೆ ನಡೆದಿರುವ ಸಂಗತಿಗಳನ್ನು ಒಂದಕ್ಕೊಂದು ಸೇರಿಸಿ ನೋಡಿದ ಮೇಲೆ ಈ ಅಭಿಪ್ರಾಯವನ್ನು ಬದಲಾಯಿಸಿಕೊಳ್ಳಬೇಕಾಗಿ ಬಂದಿದೆ. ನಮ್ಮ ಪೇಟೆ ಪಟ್ಟಣಗಳ ಚಿತ್ರವನ್ನು ತೆಗೆಯುವವರು ಅದನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಸುರಿದು ಕೈತೊಳೆದುಕೊಳ್ಳುವ ಬದಲಾಗಿ, ತಮ್ಮದೇ ಹೆಸರಿನ, ತಮ್ಮದೇ ವಿಳಾಸದ ಜಾಲತಾಣವನ್ನು ಕಟ್ಟಿಕೊಂಡು ಅಲ್ಲಿ ಇಡುವುದು ಯುಕ್ತವೆಂಬುದು ನಮ್ಮ ಈಗಿನ ಅಭಿಪ್ರಾಯ.

ಪೂರ್ವಕಥೆಯನ್ನು ಸ್ವಲ್ಪ ನೋಡೋಣ. ಛಾಯಾಚಿತ್ರದ ಯಂತ್ರವು ಹಿಂದೂಸ್ಥಾನಕ್ಕೆ ಬಂದ ಹೊಸತರಲ್ಲಿ ಅದು ಬಹುಮಟ್ಟಿಗೆ ಆಳುವವರ ಕೈಯಲ್ಲಿದ್ದಿತು. ೧೮೫೭ರ ದಂಗೆಯ ತರುವಾಯ ನಮ್ಮ ಜನರ ಜಾತಿ ಕುಲಗಳನ್ನು ಒಂದೊಂದಾಗಿ ನಿಲ್ಲಿಸಿ ಚಿತ್ರ ತೆಗೆಯಿಸಿ, ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಹೆಸರಿನಿಂದ ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ನಮ್ಮ ಹಳೇಬೀಡು, ಬೇಲೂರುಗಳ ಶಿಲ್ಪದ ಚಿತ್ರಗಳನ್ನು ಡಾಕ್ಟರ್ ನೀಲ್ ಮೊದಲಾದವರು ತೆಗೆದರು. ಅವು ಮೆಡೋಸ್ ಟೇಲರ್, ಫರ್ಗ್ಯುಸನ್ನರ ಬರವಣಿಗೆಯೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿಯೇ ಪುಸ್ತಕವಾದುವು. ಬಾಸೆಲ್ ಮಿಶನ್ನಿನವರು ಮಂಗಳೂರು, ಧಾರವಾಡ, ಕೊಡಗು ಸೀಮೆಗಳಲ್ಲಿ ತೆಗೆದ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಭಂಡಾರದಲ್ಲಿವೆ. ನಮ್ಮ ಅಜ್ಜಂದಿರ ಕಾಲದ ಕೊಡಗು ಹೇಗಿದ್ದಿತೆಂದು ತಿಳಿಯಬೇಕಾದರೆ ಪರದೇಶದ ಬಾಗಿಲನ್ನು ತಟ್ಟಬೇಕಾಗಿದೆ.

ಇದರಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಮಿಶನ್ನಿನವರು ಚಿತ್ರಗಳನ್ನು ಒಯ್ದರೂ ಒಕ್ಕಣೆಯೊಡನೆ ಪಟ್ಟಿಮಾಡಿ ಇಟ್ಟರು. ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ಅಂದಿನ ಪರದೇಶಿಗಳು ಚಿತ್ರವನ್ನು ಕೊಂಡೊಯ್ದು ಲೆಕ್ಕವಿಟ್ಟರು. ಇಂದು ನಾವಾಗಿಯೇ ಹೊತ್ತುಕೊಂಡು ಹೋಗಿ ಲೆಕ್ಕವಿಲ್ಲದ ಕಡೆ ರಾಶಿ ಹಾಕಿ ಬರುತ್ತಿದ್ದೇವೆ. ಎರಡರಲ್ಲಿ ಯಾವುದು ಹೆಚ್ಚಿನ ದಾಸ್ಯವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಇನ್ನು ಕರಾರಿನ ವಿಚಾರ. ನಮ್ಮ ೧೯೫೭ರ ಕೃತಿಸ್ವಾಮ್ಯದ ಶಾಸನವು ಛಾಯಾಚಿತ್ರಕಾರನಿಗೆ ಒಳ್ಳೆಯ ರಕ್ಷಣೆಯನ್ನೇ ಕೊಟ್ಟಿದೆ. ೨೦೧೨ರ ತಿದ್ದುಪಡಿಯಾದ ಮೇಲೆ, ಕಥೆ ಕಾವ್ಯಗಳನ್ನು ಬರೆದವರಿಗಿರುವಂತೆಯೇ, ಚಿತ್ರ ತೆಗೆದವನ ಆಯುಷ್ಯವೂ ಅವನು ತೀರಿಕೊಂಡ ಮೇಲೆ ೬೦ ವರ್ಷವೂ ಆ ಹಕ್ಕು ಅವನ ಮನೆಯವರಲ್ಲಿ ಉಳಿಯುತ್ತದೆ. ಆದರೆ ಶಾಸನ ಕೊಟ್ಟದ್ದನ್ನು ನಾವು ಬೆರಳ ತುದಿಯ ಒಂದು ಒತ್ತಿನಿಂದ ಸಡಿಲಮಾಡಿ ಕೊಡುತ್ತೇವೆ. ಇನ್‌ಸ್ಟಾಗ್ರಾಮಿನ ಕರಾರುಪತ್ರದಲ್ಲಿ, ಚಿತ್ರದ ಒಡೆತನ ನಿಮ್ಮದೇ ಎಂದು ಮೊದಲು ಸಮಾಧಾನ ಹೇಳಿ, ಬಳಿಕ ಅದನ್ನು ಜಗತ್ತಿನಾದ್ಯಂತ ಬಳಸಲು, ನಕಲು ಮಾಡಲು, ಮಾರ್ಪಡಿಸಲು, ಬೇರೆಯವರಿಗೆ ವರ್ಗಾಯಿಸಲು, ಒಂದು ಕಾಸನ್ನೂ ಕೊಡದೆ ಪರವಾನಗಿ ಪಡೆದುಕೊಳ್ಳಲಾಗಿದೆ. ಇದನ್ನು ಕಳ್ಳತನವೆನ್ನಲಾಗದು, ಓದದೆ ರುಜು ಹಾಕಿದವರು ನಾವು. ತೋಟದ ಗುತ್ತಿಗೆ ಕಾಗದವನ್ನು ಹತ್ತು ಸಲ ಓದಿಸಿ, ವಕೀಲರಿಗೆ ತೋರಿಸಿ, ಆಮೇಲೆ ರುಜು ಹಾಕುವ ನಮ್ಮ ಬೆಳೆಗಾರರ ಮಕ್ಕಳೇ ಈ ಕಾಗದವನ್ನು ಓದದೆ ಒಪ್ಪಿದ್ದಾರೆ.

ಪರವಾನಗಿಯ ಉಪಯೋಗವಾದರೂ ಏನೆಂಬುದು ಹಿಂದೆ ಸ್ಪಷ್ಟವಾಗಿರಲಿಲ್ಲ. ಈಗ ಆಗಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೆರಡಕ್ಕೂ ಒಡೆಯರಾದ ಮೆಟಾ ಕಂಪೆನಿಯವರು, ಜನರು ಬಹಿರಂಗವಾಗಿ ಹಾಕಿದ ಬರಹ ಚಿತ್ರಗಳನ್ನು ತಮ್ಮ ಕೃತಕ ಬುದ್ಧಿಯ ಯಂತ್ರಕ್ಕೆ ಪಾಠ ಕಲಿಸಲು ಬಳಸಿಕೊಂಡಿರುವುದಾಗಿ ೨೦೨೩ರಲ್ಲಿ ತಾವೇ ಹೇಳಿದರು. ಮಡಿಕೇರಿಯ ಕೋಟೆ, ಓಂಕಾರೇಶ್ವರನ ಕೆರೆ, ವಿರಾಜಪೇಟೆಯ ಗಡಿಯಾರ ಕಂಬ, ಇವುಗಳ ಚಿತ್ರವನ್ನು ನಮ್ಮಿಂದ ಪುಕ್ಕಟೆಯಾಗಿ ಪಡೆದು, ನಾಳೆ ನಮ್ಮ ಪೇಟೆಯಂತೆಯೇ ಕಾಣುವ, ಆದರೆ ಎಲ್ಲಿಯೂ ಇಲ್ಲದ ಪೇಟೆಯೊಂದರ ಚಿತ್ರವನ್ನು ಯಂತ್ರವು ಬರೆದುಕೊಟ್ಟರೆ ಅದಕ್ಕೆ ಬೆಲೆ ಕೇಳುವವರು ಅವರು. ಹತ್ತಿಯನ್ನು ಒಯ್ದು ಬಟ್ಟೆಯನ್ನು ತಂದು ಮಾರಿದ ಮ್ಯಾಂಚೆಸ್ಟರಿನ ಕಥೆಯನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹತ್ತಿಗೆ ಅಷ್ಟಿಷ್ಟು ಬೆಲೆಯಾದರೂ ಸಿಕ್ಕುತ್ತಿದ್ದಿತು. (ಸ್ವಂತ ತಾಣದಲ್ಲಿಟ್ಟ ಚಿತ್ರವನ್ನೂ ಈ ಯಂತ್ರಗಳು ಬಂದು ನೋಡಬಲ್ಲವೆಂಬುದು ನಿಜ. ಆದರೆ ಅಲ್ಲಿ ಬಾಗಿಲಿಗೆ ‘ಬರಕೂಡದು’ ಎಂಬ ಹಲಗೆಯನ್ನಾದರೂ ತೂಗುಹಾಕಬಹುದು; ಮೀರಿ ಬಂದವನು ಅತಿಕ್ರಮಿಯಾಗುತ್ತಾನೆ.)

ಹಣಕಾಸಿನ ಮಾತನ್ನು ಬಿಡೋಣ. ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡಿರುವುದು ಬೇರೆ. ೨೦೧೮ರ ಮಳೆಗಾಲದಲ್ಲಿ ಮಾಕುಟ್ಟದ ಘಾಟಿಯು ಹಲವೆಡೆ ಕುಸಿಯಿತು. ಆಗಸ್ಟ್ ತಿಂಗಳಿನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಜಾರಿದುವು. ಮಡಿಕೇರಿಯಲ್ಲಿ ಮಹಡಿಯ ಮನೆಯೊಂದು ಕಣ್ಣೆದುರಿಗೇ ಜಾರಿ ಪ್ರಪಾತಕ್ಕೆ ಬಿದ್ದ ಚಲಚ್ಚಿತ್ರವನ್ನು ಲೋಕವೆಲ್ಲ ನೋಡಿತು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ನಮ್ಮ ಸರ್ಕಾರದವರು ಮಾಕುಟ್ಟದ ಮಾರ್ಗಕ್ಕೆ ಮಣ್ಣು ಸುರಿದು ಮುಚ್ಚಿದರು. ಗಡಿರಸ್ತೆಗಳ ಆ ವ್ಯಾಜ್ಯವು ಕೇರಳದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಏರಿತು. ಅದೇ ವರ್ಷದ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು. ಈ ಘಟನೆಗಳ ಚಿತ್ರಗಳು ಸಾವಿರಗಟ್ಟಲೆ ಹರಿದಾಡಿದುವು. ಇಂದು ಅವುಗಳಲ್ಲಿ ಯಾವುದು ಯಾವ ಊರಿನದು, ಯಾವ ದಿನದ್ದು, ತೆಗೆದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಜಾಲತಾಣಗಳಿಗೆ ಏರಿಸುವಾಗ ಚಿತ್ರವನ್ನು ಕುಗ್ಗಿಸುತ್ತಾರೆ. ಕ್ಯಾಮರಾ ತಾನಾಗಿಯೇ ಅದರೊಳಗೆ ಬರೆದಿಟ್ಟಿದ್ದ ದಿನ, ಗಳಿಗೆ, ಸ್ಥಳಗಳ ವಿವರವು ಬಹುಮಟ್ಟಿಗೆ ಕಳಚಿಹೋಗುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತ ಹೋಗುತ್ತ ಅದು ತಂದೆತಾಯಿಯಿಲ್ಲದ ಕೂಸಾಗುತ್ತದೆ. ಆಮೇಲೆ ಪ್ರತಿ ಆಷಾಢದಲ್ಲಿಯೂ ಹಳೆಯ ಕುಸಿತದ ಚಿತ್ರವು ‘ಇದೀಗ ಬಂದ ಸುದ್ದಿ’ಯಾಗಿ ಮತ್ತೆ ಹೊರಟು, ದೂರದೂರಿನಲ್ಲಿರುವ ಮಗನು ಹೆದರಿ ಮನೆಗೆ ಫೋನು ಮಾಡುವಂತಾಗುತ್ತದೆ.

ಈ ದೋಷಕ್ಕೆ ನಮ್ಮ ವೃತ್ತಿಯವರೂ ಹೊರತಲ್ಲ. ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಒಕ್ಕಣೆಯನ್ನು ಪತ್ರಿಕೆಗಳಲ್ಲಿ ವಾಚಕರು ನೋಡಿಯೇ ಇರುವರು. ಅಂತರ್ಜಾಲವೆಂಬ ಹೆಸರಿನ ಛಾಯಾಚಿತ್ರಕಾರನು ಯಾವ ಊರಿನವನೋ ನಾವರಿಯೆವು. ನಮ್ಮ ಪತ್ರಿಕೆಯಲ್ಲಿಯೂ ಹೀಗೆ ಅಚ್ಚಾದದ್ದುಂಟು. ಆತುರದ ರಾತ್ರಿಯಲ್ಲಿ ಪುಟ ತುಂಬಿಸಬೇಕಾಗಿದ್ದಿತೆಂಬ ಸಬೂಬು ಸಬೂಬೇ ಹೊರತು ಉತ್ತರವಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನು ನೆನೆಯಬಹುದು. ೧೯೨೩ರಲ್ಲಿ ಹುಟ್ಟಿ ೨೦೦೯ರಲ್ಲಿ ತೀರಿಕೊಂಡ ಆ ಮಹನೀಯರು ಚಿತ್ರ ತೆಗೆದು ಸುಮ್ಮನಾಗಲಿಲ್ಲ. ಕಂಡ ಜನರ, ಸಂದರ್ಭಗಳ ಕಥೆಯನ್ನು ೨೦೦೫ರಲ್ಲಿ ಬಂದ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಚಿತ್ರದ ಕೆಳಗೆ ನಾಲ್ಕು ಸಾಲು ಇದ್ದರೆ ಅದು ದಾಖಲೆ. ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರು.

ಪರರ ಉಗ್ರಾಣದಲ್ಲಿಟ್ಟದ್ದು ಎಷ್ಟು ದಿನ ಉಳಿಯುವುದೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ನಮ್ಮ ತರುಣರು ಒಂದು ಕಾಲದಲ್ಲಿ ಹಗಲಿರುಳು ಕಳೆಯುತ್ತಿದ್ದ ಆರ್ಕುಟ್ಟನ್ನು ೨೦೧೪ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಗೂಗಲ್ ಪ್ಲಸ್ ೨೦೧೯ರ ಏಪ್ರಿಲಿನಲ್ಲಿ ಮುಚ್ಚಿತು. ಛಾಯಾಚಿತ್ರಕ್ಕೆಂದೇ ಹುಟ್ಟಿದ ಫ್ಲಿಕ್ಕರಿನವರು, ಹಣ ಕೊಡದವರು ೧,೦೦೦ಕ್ಕಿಂತ ಹೆಚ್ಚು ಚಿತ್ರವಿಡಕೂಡದು, ಹೆಚ್ಚಾದದ್ದನ್ನು ಅಳಿಸುವೆವು ಎಂದು ೨೦೧೮ರಲ್ಲಿ ಸಾರಿದರು. ೨೦೨೦ರ ಜೂನ್ ೨೯ರಂದು, ಗಾಲ್ವಾನಿನಲ್ಲಿ ನಮ್ಮ ಯೋಧರ ರಕ್ತ ಹರಿದ ಎರಡೇ ವಾರಗಳಲ್ಲಿ, ಭಾರತ ಸರ್ಕಾರವು ಚೀನಾ ಮೂಲದ ೫೯ ಆ್ಯಪುಗಳನ್ನು ನಿಷೇಧಿಸಿತು. ಅವುಗಳಲ್ಲಿ ಟಿಕ್‌ಟಾಕೂ ಒಂದು. ನಿಷೇಧವನ್ನು ಅಂದು ನಾವು ಸ್ವಾಗತಿಸಿದೆವು, ಇಂದೂ ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಹಳ್ಳಿ ಪೇಟೆಗಳ ಲಕ್ಷಾಂತರ ಬಡ ಹುಡುಗರು ಅಲ್ಲಿಟ್ಟಿದ್ದ ತಮ್ಮೂರಿನ ಜಾತ್ರೆ, ಸಂತೆ, ಮದುವೆಗಳ ದೃಶ್ಯಗಳೆಲ್ಲ ಒಂದೇ ರಾತ್ರಿಯಲ್ಲಿ ಕಣ್ಮರೆಯಾದುದೂ ನಿಜ. ತಪ್ಪು ಆ ಹುಡುಗರದಲ್ಲ. ಅವರ ಸಾಮಾನು ಇದ್ದ ಮನೆ ಅವರದಾಗಿರಲಿಲ್ಲ.

ಪತ್ರಿಕೆ ನಡೆಸುವವರಿಗೆ ಈ ಪಾಠ ಹಳೆಯದು. ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಅಚ್ಚುಕೂಟವನ್ನೇ ೧೯೦೪ರಲ್ಲಿ ಫೀನಿಕ್ಸಿನ ಆಶ್ರಮಕ್ಕೆ ಸಾಗಿಸಿಕೊಂಡು ಹೋದರು. ೧೯೧೦ರ ಪ್ರೆಸ್ ಆಕ್ಟು ಅಚ್ಚುಕೂಟದವನಿಂದ ಠೇವಣಿ ಕೇಳಿದ್ದೂ ಇದೇ ಮರ್ಮವನ್ನು ತಿಳಿದೇ. ಅಚ್ಚುಕೂಟ ಯಾರದೋ ಮಾತು ಅವರ ಕೈಯಲ್ಲಿ. ಸ್ವಂತ ಅಚ್ಚುಕೂಟವಿದ್ದವನಿಗೆ ಖರ್ಚು ಹೆಚ್ಚು, ತಲೆನೋವು ಹೆಚ್ಚು. ಇದನ್ನು ನಾವು ಅನುಭವದಿಂದ ಬಲ್ಲೆವು. ಆದರೆ ಬೆಳಗ್ಗೆ ಎದ್ದು ನೋಡುವಾಗ ಬಾಗಿಲಿಗೆ ಬೇರೆಯವರ ಬೀಗ ಬಿದ್ದಿರುವುದಿಲ್ಲ.

ಅಚ್ಚಿನ ಶಾಸನದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯುಂಟು. ೧೮೬೭ರ ಶಾಸನವು ಮುದ್ರಿಸಿದ ಪ್ರತಿ ಪುಸ್ತಕ, ಪತ್ರಿಕೆಯ ಮೇಲೂ ಮುದ್ರಕನ ಹೆಸರೂ ಮುದ್ರಣವಾದ ಸ್ಥಳವೂ ಇರಬೇಕೆಂದು ವಿಧಿಸಿದ್ದಿತು. ಆ ಕಟ್ಟಳೆ ಬಂದದ್ದು ನಮ್ಮ ಮೇಲೆ ಕಣ್ಣಿಡುವುದಕ್ಕೆ, ಸಂದೇಹವಿಲ್ಲ. ಆದರೂ ಹೆಸರು ಹಾಕಿ ಬರೆಯುವವನ ಕೈ ಸ್ವಲ್ಪ ತಡೆಯುತ್ತದೆಂಬ ಗುಣ ಅದರಲ್ಲಿದ್ದಿತು. ೨೦೨೫ರಲ್ಲಿ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನೋಡಿ. ಮೇ ತಿಂಗಳಿನಲ್ಲಿ, ಮೆಟ್ರೋ ರೈಲಿನಲ್ಲಿ ಹೋಗುವ ಹೆಣ್ಣುಮಕ್ಕಳ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದ ಖಾತೆಯೊಂದರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಜುಲೈಯಲ್ಲಿ, ಚರ್ಚ್ ಸ್ಟ್ರೀಟು ಮೊದಲಾದ ಬೀದಿಗಳಲ್ಲಿ ‘ಪಟ್ಟಣದ ನೋಟ’ವೆಂಬ ನೆಪದಿಂದ ಹೆಂಗಸರನ್ನು ಹಿಂಬಾಲಿಸಿ ಚಿತ್ರೀಕರಿಸುತ್ತಿದ್ದ ಇನ್ನೊಬ್ಬನನ್ನು ಹಿಡಿದರು. ಅವನ ಚಿತ್ರಕ್ಕೆ ಸಿಕ್ಕಿದ ತರುಣಿಯೊಬ್ಬಳು, ತಾನು ಒಪ್ಪಿಗೆ ಕೊಟ್ಟಿರಲಿಲ್ಲವೆಂದೂ, ಕಂಪೆನಿಗೆ ದೂರು ಕೊಟ್ಟು ಪ್ರಯೋಜನವಾಗಲಿಲ್ಲವೆಂದೂ ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು ಅವಳ ಗತಿ. ಪೊಲೀಸರು ಕೈಹಾಕಿದ ಮೇಲೆಯೇ ಕೆಲಸ ನಡೆಯಿತು.

ಬೀದಿಯ ಚಿತ್ರ ತೆಗೆಯುವುದೇ ಅಪರಾಧವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ಪಟ್ಟಣಗಳ ಚರಿತ್ರೆಯೇ ನಿಂತುಹೋದೀತು. ಮಡಿಕೇರಿಯ ಶುಕ್ರವಾರದ ಸಂತೆಯನ್ನು ಜನರಿಲ್ಲದೆ ಚಿತ್ರಿಸಲು ಸಾಧ್ಯವೆ? ಆದರೆ ಸಂತೆಯನ್ನು ಚಿತ್ರಿಸುವವನಿಗೂ ಸಂತೆಗೆ ಬಂದ ಹೆಣ್ಣುಮಗಳನ್ನು ಬೆನ್ನಟ್ಟುವವನಿಗೂ ಅಂತರವಿದೆ; ಮೆಚ್ಚುಗೆಯ ಎಣಿಕೆಗೆ ತಕ್ಕಂತೆ ಚಿತ್ರವನ್ನು ಮೇಲಕ್ಕೋ ಕೆಳಕ್ಕೋ ತಳ್ಳುವ ಲೆಕ್ಕಾಚಾರದ ಯಂತ್ರಕ್ಕೆ ಆ ಅಂತರ ತಿಳಿಯದು. ೨೦೧೬ರಿಂದೀಚೆಗೆ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಹಾಕಿದ ಕ್ರಮದಲ್ಲಿ ತೋರಿಸದೆ, ನೋಡುವವನ ಕಣ್ಣನ್ನು ಯಾವುದು ಹಿಡಿದಿಟ್ಟುಕೊಳ್ಳುವುದೋ ಅದನ್ನೇ ಮುಂದಿಡುತ್ತಿದೆ. ಆದುದರಿಂದ ಚಿತ್ರಕಾರನೂ ಕ್ರಮೇಣ ಅಂಥದನ್ನೇ ಹುಡುಕಿಕೊಂಡು ಹೊರಡುತ್ತಾನೆ. ಒಬ್ಬನು ಬೀದಿಗೆ, ಇನ್ನೊಬ್ಬನು ಜಲಪಾತದ ತುದಿಗೆ. ೨೦೨೩ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದ ತರುಣನು ಕಾಲುಜಾರಿ ಹೋದದ್ದನ್ನು ಮರೆಯುವಂತಿಲ್ಲ. ನಮ್ಮ ಮಾಕುಟ್ಟದ ತಿರುವುಗಳಲ್ಲಿ ಆನೆ ದಾಟುವ ಜಾಗದಲ್ಲಿಯೇ ಗಾಡಿ ನಿಲ್ಲಿಸಿ ಕುಣಿಯುವವರನ್ನು ನೋಡಿದಾಗ ನಮಗೆ ಎದೆ ಝಲ್ಲೆನ್ನುತ್ತದೆ.

ಇದಕ್ಕೆಲ್ಲ ಒಂದು ಆಕ್ಷೇಪಣೆಯುಂಟು, ಅದು ಬಲವಾದದ್ದೇ. ಸ್ವಂತ ತಾಣಕ್ಕೆ ಯಾರು ಬರುತ್ತಾರೆ? ಊರಾಚೆ ಮನೆ ಕಟ್ಟಿಕೊಂಡು ಬಾಗಿಲು ತೆರೆದು ಕುಳಿತರೆ ನಾಯಿಯೂ ಇಣಿಕದು, ಜನರಿರುವುದು ಸಂತೆಯಲ್ಲಿ. ಒಪ್ಪಿದೆವು. ಸಂತೆಗೆ ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ರೈತನು ಸಂತೆಗೆ ಹೋಗುತ್ತಾನೆ. ಆದರೆ ಬಿತ್ತನೆಯ ಬೀಜವನ್ನು ಅಲ್ಲಿ ಬಿಟ್ಟು ಬರುವುದಿಲ್ಲ. ಮೂಲಚಿತ್ರವು ಒಕ್ಕಣೆಯೊಡನೆ ನಿಮ್ಮ ತಾಣದಲ್ಲಿರಲಿ. ಅದರ ಚಿಕ್ಕ ಪ್ರತಿಯನ್ನೋ ವಿಳಾಸವನ್ನೋ ಸಾಮಾಜಿಕ ಜಾಲತಾಣದಲ್ಲಿ ಸಾರಿರಿ. ಬರುವವರು ನೂರು ಮಂದಿಯಾದರೂ ಅವರು ಖಾತೆ ತೆರೆಯದೆ, ಲಾಗಿನ್ನಿನ ಕಿರುಕುಳವಿಲ್ಲದೆ, ಸಾವಧಾನವಾಗಿ ನೋಡುತ್ತಾರೆ. ಹುಡುಕುಯಂತ್ರದಲ್ಲಿ ‘ಮಾಕುಟ್ಟ’ವೆಂದು ಬರೆದವನಿಗೆ ಹತ್ತು ವರ್ಷದ ಮೇಲೂ ಆ ಪುಟ ಸಿಕ್ಕುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಹೋದ ವಾರದ ಚಿತ್ರವನ್ನು ಹುಡುಕುವುದೇ ಪ್ರಯಾಸ.

ಇದು ಆಗುವ ಮಾತೆ ಎಂದು ಸಂಶಯಪಡುವವರು ಮಂಗಳೂರಿನ ಕಡೆ ನೋಡಬಹುದು. ನಮ್ಮ ಮಡಿಕೇರಿಯವರೇ ಆದ ದಿವಂಗತ ಜಿ. ಟಿ. ನಾರಾಯಣರಾಯರ ಪುತ್ರರಾದ ಜಿ. ಎನ್. ಅಶೋಕವರ್ಧನರು, ಬಹುಕಾಲ ನಡೆಸಿದ ‘ಅತ್ರಿ ಬುಕ್ ಸೆಂಟರ್’ ಎಂಬ ಪುಸ್ತಕದ ಅಂಗಡಿಯನ್ನು ೨೦೧೨ರಲ್ಲಿ ಮುಚ್ಚಿದರೂ, ಅದೇ ಹೆಸರಿನ ಸ್ವಂತ ಜಾಲತಾಣದಲ್ಲಿ ತಮ್ಮ ತಿರುಗಾಟದ ಕಥನಗಳನ್ನು ಚಿತ್ರಸಮೇತ ಪ್ರಕಟಿಸುತ್ತ ಬಂದರು. ಪಶ್ಚಿಮ ಘಟ್ಟದ ದಾರಿಗಳ ಬಗ್ಗೆ ಕನ್ನಡದಲ್ಲಿ ಓದಬೇಕೆನ್ನುವವನು ಅಲ್ಲಿಗೆ ಹೋಗುತ್ತಾನೆ. ಯಾವ ಕಂಪೆನಿಯ ಲೆಕ್ಕಾಚಾರವೂ ಅವನನ್ನು ಕಳುಹಿಸಬೇಕಾಗಿಲ್ಲ.

ಖರ್ಚಿನ ವಿಷಯ: ಡಾಟ್ ಇನ್ ಎಂಬ ನಮ್ಮ ದೇಶದ ವಿಳಾಸವು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕುತ್ತದೆ, ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂಬ ವಿಳಾಸವೂ ಇದೆಯೆಂಬುದು ನಮ್ಮ ಎಷ್ಟೋ ಅಧಿಕಾರಿಗಳಿಗೆ ತಿಳಿಯದು. ಚಿತ್ರಗಳಿಗೆ ಜಾಗದ ಬಾಡಿಗೆ ಬೇರೆ. ಫೋನು ಬದಲಾಯಿಸುವ ಖರ್ಚಿನ ಮುಂದೆ ಇದು ದೊಡ್ಡದಲ್ಲ. ಆದರೆ ಬಾಡಿಗೆ ಕಟ್ಟುವುದು ನಿಂತರೆ ಸ್ವಂತ ತಾಣವೂ ಅಳಿಯುತ್ತದೆಂಬುದನ್ನು ಮುಚ್ಚಿಡಬಾರದು. ಕಟ್ಟಿದವರು ತೀರಿಕೊಂಡು ಅಥವಾ ಬೇಸತ್ತು ಬಿಟ್ಟು ಹಾಳುಬಿದ್ದ ಕನ್ನಡ ತಾಣಗಳು ಕಡಮೆಯಿಲ್ಲ. ಆದುದರಿಂದ ಸಾರ್ವಜನಿಕ ಪ್ರಯೋಜನದ ಚಿತ್ರಗಳ ಒಂದೊಂದು ಪ್ರತಿಯನ್ನು ವಿಕಿಮೀಡಿಯ ಕಾಮನ್ಸಿನಲ್ಲಿಯೂ ಇಡುವುದೊಳ್ಳೆಯದು. ೨೦೦೪ರಲ್ಲಿ ಆರಂಭವಾದ ಆ ಭಂಡಾರದಲ್ಲಿ ತೆಗೆದವನ ಹೆಸರು, ದಿನ, ಸ್ಥಳಗಳನ್ನು ಬರೆಯಲು ಅವಕಾಶವಿದೆ. ಲಾಭ ಪಡೆಯುವ ಒಡೆಯನಿಲ್ಲ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಚಿತ್ರ ಒದಗುವುದೂ ಅಲ್ಲಿಂದಲೇ. ಅಲ್ಲಿಟ್ಟ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ಬಳಸಬಹುದೆಂಬುದನ್ನು ತಿಳಿದೇ ಇಡಬೇಕು.

ಅಧಿಕಾರಿಗಳಲ್ಲಿಯೂ ನಮ್ಮ ಒಂದು ವಿಜ್ಞಾಪನೆ. ನಮ್ಮ ಸರ್ಕಾರಿ ಕಚೇರಿಗಳೇ ಇಂದು ಪ್ರವಾಹದ ಎಚ್ಚರಿಕೆಯನ್ನೂ ರಸ್ತೆ ಮುಚ್ಚಿದ ಸುದ್ದಿಯನ್ನೂ ಕಾಮಗಾರಿಯ ಚಿತ್ರವನ್ನೂ ಪರದೇಶದ ಜಾಲತಾಣಗಳಲ್ಲಿ ಮೊದಲು ಹಾಕುತ್ತವೆ. ತಮ್ಮ ಸ್ವಂತ ತಾಣದಲ್ಲಿ ಹೊಸ ಚಿತ್ರ ಕಾಣುವುದು ಅಪರೂಪ. ಮಡಿಕೇರಿಯ ನಗರಸಭೆ, ವಿರಾಜಪೇಟೆಯ ಪುರಸಭೆ, ಜಿಲ್ಲಾ ಗ್ರಂಥಾಲಯ, ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯ, ಇವುಗಳಲ್ಲಿ ಯಾವುದಾದರೂ ಒಂದು, ೨೦೧೮ರಿಂದೀಚಿನ ಮಳೆ, ಕುಸಿತ, ರಸ್ತೆಗಳ ಚಿತ್ರಗಳನ್ನು ತೆಗೆದವರಿಂದಲೇ ಕೇಳಿ ಪಡೆದು, ದಿನ ಸ್ಥಳಗಳೊಡನೆ ಪಟ್ಟಿಮಾಡುವ ಕೆಲಸವನ್ನು ಈಗಲೇ ಕೈಗೊಳ್ಳಬಹುದು. ತೆಗೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಹಳೆಯ ಫೋನುಗಳು ಮಾತ್ರ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ನಮ್ಮ ಮಟ್ಟಿಗೆ ಎರಡು ನಿಶ್ಚಯಗಳನ್ನು ಮಾಡಿದ್ದೇವೆ. ತೆಗೆದವರ ಹೆಸರಿಲ್ಲದ ಚಿತ್ರವನ್ನು ಬರುವ ತಿಂಗಳಿನಿಂದ ಈ ಪತ್ರಿಕೆಯಲ್ಲಿ ಅಚ್ಚು ಮಾಡುವುದಿಲ್ಲ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಸರಿ, ಜಾಗವನ್ನು ಬರಿದಾಗಿ ಬಿಡುತ್ತೇವೆ. ಎರಡನೆಯದಾಗಿ, ಕೊಡಗಿನ ಪೇಟೆ, ಹಳ್ಳಿ, ಗಡಿಗಳ ಚಿತ್ರಗಳನ್ನು ಸ್ವಂತ ತಾಣದಲ್ಲಿಟ್ಟಿರುವವರು ತಮ್ಮ ವಿಳಾಸವನ್ನು ನಮ್ಮ ಕಾರ್ಯಾಲಯಕ್ಕೆ ಕಳುಹಿಸಿದರೆ, ಭಾನುವಾರದ ಸಂಚಿಕೆಯಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ. ಮಾಕುಟ್ಟದ ಘಾಟಿಯ ಹಳೆಯ ಚಿತ್ರ, ವಿಶೇಷವಾಗಿ ೨೦೧೮ಕ್ಕೆ ಮುಂಚಿನದು, ಯಾರಲ್ಲಾದರೂ ಇದ್ದರೆ ಅವರು ಮೊದಲು ಬರೆಯಲಿ.